ಆಟ ಬಿಟ್ಟ ಮೇಲೆ ಮನಸ್ಸಿಗೆ ಯಾರ ಸಹಾಯ? ಪುಣೆಯ ಕನ್ನಡ ಆಟಗಾರರಿಗೆ ಒಂದು ಹೋಲಿಕೆ

ಪುಣೆಯಲ್ಲಿ ಕನ್ನಡ ಮಾತಾಡುವ ಆಟಗಾರರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಅಥಣಿ, ಮುಧೋಳ, ಬೆಳಗಾವಿ ಕಡೆಯಿಂದ ಇಲ್ಲಿನ ತಾಲೀಮಿಗೆ, ಅಂದರೆ ಗರಡಿಮನೆಗೆ, ಬಂದ ಪೈಲ್ವಾನರಿದ್ದಾರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯಲ್ಲಿ ಬೆಳೆದು ಇಲ್ಲಿನ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟಿಗೆ ಬಂದವರಿದ್ದಾರೆ. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟುಗಳು, ರೈಲ್ವೆಯ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಹಿಡಿದ ಕಬಡ್ಡಿ ಹುಡುಗ ಹುಡುಗಿಯರೂ ಇದ್ದಾರೆ. ಎಲ್ಲರೂ ಒಂದಲ್ಲ ಒಂದು ದಿನ ಆಟ ಬಿಡಲೇಬೇಕು. ಮಂಡಿ ಕೈಕೊಡುತ್ತದೆ, ಸೆಲೆಕ್ಷನ್ ತಪ್ಪುತ್ತದೆ, ಇಲ್ಲವೇ ಮನೆಯವರು ಇನ್ನು ಸಾಕು ಅನ್ನುತ್ತಾರೆ. ಮಂಡಿಗೆ ಫಿಸಿಯೋ ಸಿಗುತ್ತಾರೆ. ಮನಸ್ಸಿಗೆ ಯಾರ ಹತ್ತಿರ ಹೋಗಬೇಕು ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ಗೊತ್ತಿರುವವರನ್ನು ಹುಡುಕುವ ಮೊದಲು ಮನಸ್ಸಿನ ಚಿಕಿತ್ಸೆ ಕಲಿತವರನ್ನು ಹುಡುಕಿ. ಅವರು ನಿಮ್ಮ ಭಾಷೆಯವರಾದರೆ ಇನ್ನೂ ಒಳ್ಳೆಯದು. ಆಟ ಬಿಟ್ಟವರು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ಹಾಗಾಗಿ ಒಂದೊಂದು ದಾರಿಯನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಏನು ಹೋಗಿದೆ ಅಂತ ನೋಡಿ

ಆಟ ನಿಂತಾಗ ಒಂದೇ ಸಲಕ್ಕೆ ನಾಲ್ಕೈದು ವಿಷಯ ನಿಲ್ಲುತ್ತವೆ. ದಿನದ ಕ್ರಮ ಹೋಗುತ್ತದೆ. ಜೊತೆಗಿದ್ದ ಗುಂಪು ಹೋಗುತ್ತದೆ. ದುಡಿಮೆ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ದಿನಕ್ಕೆ ಎರಡು ಹೊತ್ತು ದಣಿದ ದೇಹ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಕಠಿಣ ವ್ಯಾಯಾಮವನ್ನು ಥಟ್ಟನೆ ನಿಲ್ಲಿಸಿದರೆ ಅಷ್ಟಕ್ಕೇ ನಿದ್ದೆ ಕೆಡಬಹುದು, ಮನಸ್ಸು ಕುಗ್ಗಬಹುದು. ಇನ್ನು ಜನ ನಿಮ್ಮನ್ನು ಕರೆಯುತ್ತಿದ್ದ ಹೆಸರೂ ಸಡಿಲವಾಗುತ್ತದೆ. ಊರಲ್ಲಿ ಎಲ್ಲರೂ 'ಪೈಲ್ವಾನ್ರು' ಅಂತ ಕರೆದವರು ನಾಳೆ ಯಾರು?

ನನಗೆ ಪರಿಚಯದ ಕುಸ್ತಿಪಟುವೊಬ್ಬರು ಆಟ ಬಿಟ್ಟ ಮೇಲೂ ನಸುಕಿನ ನಾಲ್ಕಕ್ಕೇ ಏಳುತ್ತಿದ್ದರು. ಎದ್ದು ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದರು, ಹೆಂಡತಿಗೆ ಎಚ್ಚರವಾಗದಿರಲಿ ಅಂತ ಲೈಟ್ ಹಾಕುತ್ತಿರಲಿಲ್ಲ. ಬಾದಾಮಿ ಅರೆದ ಹಾಲು, ತುಪ್ಪ, ಹಳೆಯ ಖುರಾಕೆಲ್ಲ ಹಾಗೇ ನಡೆದಿತ್ತು. ತೂಕ ಏರಿತು. ಆ ದೇಹ ಹೊತ್ತು ತಾಲೀಮಿನ ಮುಂದೆ ಹೋಗಲು ನಾಚಿಕೆಯಾಗಿ, ಮನೆಗೆ ಬರುವಾಗ ಸುತ್ತು ಬಳಸಿ ಬೇರೆ ಗಲ್ಲಿಯಿಂದ ಬರುತ್ತಿದ್ದರು. ಮನೆಯವರಿಗೆ ಕಂಡದ್ದು ತೂಕ ಮಾತ್ರ. ಡಯಟೀಷಿಯನ್ ಹತ್ತಿರ ಕರೆದುಕೊಂಡು ಹೋದರು. ಮನಸ್ಸಿನ ಮಾತು ಬಂದದ್ದು ಎಷ್ಟೋ ತಿಂಗಳ ಮೇಲೆ.

ನಾನು ಬರೇ ಆಟಗಾರ, ಬೇರೇನೂ ಅಲ್ಲ ಅನ್ನುವ ಭಾವನೆ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಬ್ರೂವರ್ ಮತ್ತು ಅವರ ಜೊತೆಗಾರರು 1993ರಲ್ಲಿ ಪ್ರಕಟಿಸಿದರು. ಆಮೇಲೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಈ ಭಾವನೆ ಗಟ್ಟಿ ಇದ್ದಷ್ಟೂ ಆಟ ಬಿಡುವುದು ಕಷ್ಟ. ತಾವಾಗಿ ಬಿಟ್ಟವರಿಗಿಂತ ಗಾಯದಿಂದಲೋ ತಂಡದಿಂದ ಕೈಬಿಟ್ಟದ್ದರಿಂದಲೋ ಬಿಟ್ಟವರಿಗೆ ಕಷ್ಟ ಜಾಸ್ತಿ. ಗೆದ್ದವರಿಗೆ ಇದು ಬರುವುದಿಲ್ಲ ಅಂದುಕೊಳ್ಳಬೇಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಒಲಿಂಪಿಕ್ಸ್ ಶೂಟಿಂಗಿನ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಆ ಗೆಲುವಿನ ನಂತರವೇ ದೊಡ್ಡ ಖಾಲಿತನ ಕಾಡಿತು ಎಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ನಮ್ಮ ಕರ್ನಾಟಕದ ಕ್ರಿಕೆಟಿಗ ರಾಬಿನ್ ಉತ್ತಪ್ಪ ಇನ್ನೂ ಆಡುತ್ತಿದ್ದಾಗಲೇ, 2020ರಲ್ಲಿ, ತಮ್ಮ ಖಿನ್ನತೆಯ ವರ್ಷಗಳ ಬಗ್ಗೆ ಮಾತಾಡಿದರು.

ಈಗ ದಾರಿಗಳಿಗೆ ಬರೋಣ.

ಸ್ಪೋರ್ಟ್ಸ್ ಸೈಕಾಲಜಿಸ್ಟ್, ಮೆಂಟಲ್ ಕೋಚ್

ಆಟಗಾರರಿಗೆ ಮೊದಲು ನೆನಪಾಗುವುದು ಇವರೇ. ಕ್ಯಾಂಪಿನಲ್ಲಿ ನೋಡಿರುತ್ತಾರೆ, ಮಾತಾಡಿರುತ್ತಾರೆ. ಇವರಿಗೆ ಸೆಲೆಕ್ಷನ್ ಅಂದರೇನು, ತೂಕ ಇಳಿಸುವುದು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಅದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಇವರಲ್ಲಿ ಬಹುಪಾಲು ಜನರ ಕೆಲಸ ಆಟ ಚೆನ್ನಾಗಿ ಆಡಿಸುವುದು. ಗಮನ, ಆತ್ಮವಿಶ್ವಾಸ, ಪಂದ್ಯದ ಮುಂಚಿನ ಉಸಿರಾಟ, ಗುರಿ ಇಟ್ಟುಕೊಳ್ಳುವುದು. ಆಟ ಬಿಟ್ಟವರಿಗೆ ಬೇಕಾದದ್ದು ಬೇರೆ. ಅಲ್ಲಿರುವುದು ದುಃಖ. ದುಃಖದಲ್ಲಿರುವವರಿಗೆ 'ಹೊಸ ಗುರಿ ಬರೆದುಕೊಳ್ಳಿ, ಪಾಸಿಟಿವ್ ಆಗಿರಿ' ಅಂದರೆ ಅವರು ಹೂಂ ಅಂದು ಬಂದು ಮತ್ತೆ ಹೋಗುವುದೇ ಇಲ್ಲ.

ಇನ್ನೊಂದು ವಿಷಯ ನೀವು ತಿಳಿದಿರಲೇಬೇಕು. ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ಪ್ರತ್ಯೇಕ ಲೈಸೆನ್ಸ್ ಇಲ್ಲ. ಚೆನ್ನಾಗಿ ಓದಿ, ವರ್ಷಗಟ್ಟಲೆ ತಂಡಗಳ ಜೊತೆ ದುಡಿದವರೂ ಇದ್ದಾರೆ. ವಾರಾಂತ್ಯದ ಕೋರ್ಸ್ ಮುಗಿಸಿ ಮೆಂಟಲ್ ಕೋಚ್ ಅಂತ ಬೋರ್ಡ್ ಹಾಕಿದವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಹಾಗಾದರೆ ಇವರ ಹತ್ತಿರ ಯಾವಾಗ ಹೋಗಬೇಕು? ಬಿಡುವುದೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದೀರಿ, ನಿದ್ದೆ ಊಟ ಸರಿ ಇದೆ, ಒಂದೆರಡು ವರ್ಷದಲ್ಲಿ ಬಿಡುವ ತಯಾರಿ ಮಾಡಬೇಕು ಅಂದಾಗ. ಆಗ ಇವರಷ್ಟು ಒಳ್ಳೆಯ ಜೊತೆ ಇನ್ನೊಬ್ಬರಿಲ್ಲ. ಬಿಟ್ಟಾಗಿದೆ, ಕುಸಿದಿದ್ದೀರಿ ಅಂದರೆ ಮುಂದಿನ ದಾರಿ ನೋಡಿ.

ಕ್ಲಿನಿಕಲ್ ಸೈಕಾಲಜಿಸ್ಟ್

ಇವರು ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ, ಇವರನ್ನು ನೋಂದಾಯಿಸುತ್ತದೆ. ಬಹಳ ಜನ ಎಂ.ಫಿಲ್ ಮುಗಿಸಿ ಬಂದವರು. ನೋಂದಣಿ ನಂಬರ್ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲೂಬಾರದು. ಖಿನ್ನತೆ ಯಾವುದು, ಸಹಜ ದುಃಖ ಯಾವುದು, ಹಳೆಯ ಪೆಟ್ಟಿನ ಭಯ ಯಾವುದು, ಕುಡಿತದ ಸಮಸ್ಯೆ ಎಲ್ಲಿಂದ ಶುರು ಅಂತ ಬೇರ್ಪಡಿಸಿ ನೋಡುವುದು ಇವರಿಗೆ ಗೊತ್ತು. ಔಷಧ ಬೇಕು ಅನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ.

ಕೊರತೆಯೂ ಇದೆ. ಬಹಳ ಜನಕ್ಕೆ ಆಟದ ಲೋಕ ಗೊತ್ತಿಲ್ಲ. ಮೊದಲೆರಡು ಭೇಟಿ ನೀವೇ ಅವರಿಗೆ ಪಾಠ ಹೇಳಿದ ಹಾಗಾಗುತ್ತದೆ: ಕಬಡ್ಡಿಯಲ್ಲಿ ರೈಡರ್ ಅಂದರೆ ಯಾರು, ನ್ಯಾಷನಲ್ಸ್ ಯಾಕೆ ಅಷ್ಟು ಮುಖ್ಯ, ಕೋಚ್ ಬೈದರೆ ಯಾಕೆ ಅಪ್ಪ ಬೈದಷ್ಟು ನೋವು. ಆದರೆ ಒಬ್ಬ ಬುದ್ಧಿವಂತ ಅಪರಿಚಿತರಿಗೆ ನಿಮ್ಮ ಆಟವನ್ನು ವಿವರಿಸುತ್ತಾ ಹೋದಾಗ ನೀವೇ ಅದುವರೆಗೆ ಹೇಳಿಕೊಳ್ಳದ್ದು ಬಾಯಿಗೆ ಬರುತ್ತದೆ. ಈ ಕಾರಣಕ್ಕೂ ನಾನು ಈ ದಾರಿಯ ಪರ.

ಪುಣೆ, ಮುಂಬೈಯಲ್ಲಿ ಖಾಸಗಿಯಾಗಿ ಒಂದು ಭೇಟಿಗೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರದವರೆಗೆ ಕೇಳುತ್ತಾರೆ. ಕೆಲವರು ಆದಾಯ ನೋಡಿ ಕಡಿಮೆ ಮಾಡುತ್ತಾರೆ, ಕೇಳುವುದರಲ್ಲಿ ತಪ್ಪಿಲ್ಲ. ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಖರ್ಚು ತೀರಾ ಕಡಿಮೆ, ಕಾಯುವುದು ಜಾಸ್ತಿ. ಇನ್ಶೂರೆನ್ಸ್ ಬಗ್ಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುತ್ತವೆ, ಕೌನ್ಸೆಲಿಂಗ್ ಫೀಸಿಗೆ ಕೊಡುವುದಿಲ್ಲ. ಪಾಲಿಸಿ ಕಾಗದ ಓದಿಕೊಂಡೇ ಹೋಗಿ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿಬಿಡಿ. ನಿಮ್ಮ ಆರ್‌ಸಿಐ ನಂಬರ್ ಏನು? ಆಟ ಅಥವಾ ನೌಕರಿ ಬಿಟ್ಟವರ ಜೊತೆ ಮೊದಲು ಕೆಲಸ ಮಾಡಿದ್ದೀರಾ? ಯಾವ ವಿಧಾನದಲ್ಲಿ, ಸುಮಾರು ಎಷ್ಟು ಭೇಟಿ ಆಗಬಹುದು? ನನ್ನ ಮಾತು ನನ್ನ ಕೋಚ್‌ಗೋ ಆಫೀಸಿಗೋ ಹೋಗುತ್ತದಾ? ಕೊನೆಯದಕ್ಕೆ ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬೇರೆಯವರನ್ನು ನೋಡಿ.

ಭಾಷೆಯ ಮಾತು

ಇದಕ್ಕೆ ಬೇರೆ ಜಾಗವನ್ನೇ ಕೊಡುತ್ತೇನೆ, ಯಾಕೆಂದರೆ ನಮ್ಮವರು ಇದನ್ನು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. 'ಮರಾಠಿ ಬರುತ್ತೆ, ಹಿಂದಿ ಬರುತ್ತೆ, ಸಾಕಲ್ವಾ?' ಮೈದಾನಕ್ಕೆ ಸಾಕು. ಆದರೆ ಹತ್ತು ವರ್ಷದಿಂದ ಮೈದಾನದಲ್ಲೇ ಆಡಿದ ಮರಾಠಿಯಲ್ಲಿ ನಿಮಗೆ ಪಟ್ಟಿನ ಹೆಸರು ಬರುತ್ತದೆ, ಜಗಳ ಬರುತ್ತದೆ, ತಮಾಷೆ ಬರುತ್ತದೆ. 'ನನಗೆ ಯಾಕೋ ಹೊಟ್ಟೆಯೊಳಗೆ ಸಂಕಟ ಆಗ್ತದ' ಅನ್ನುವುದು ಅದರಲ್ಲಿ ಬರುವುದಿಲ್ಲ. ಡಾಕ್ಟರ್ ಮುಂದೆ ಮರಾಠಿಯಲ್ಲಿ 'ಠೀಕ್ ಆಹೆ' ಅಂದು ಎದ್ದು ಬಂದವರು, ಅದೇ ಸಂಜೆ ಊರಿನ ಅಕ್ಕನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಅತ್ತದ್ದನ್ನು ಕೇಳಿದ್ದೇನೆ.

ಪುಣೆಯಲ್ಲಿ ಕನ್ನಡ ಬಲ್ಲ ಸೈಕಾಲಜಿಸ್ಟ್ ಸಿಗುವುದು ಸುಲಭವಲ್ಲ. ಕನ್ನಡ ಸಂಘ, ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ವಲಯದಲ್ಲಿ ವಿಚಾರಿಸಿದರೆ ಒಬ್ಬಿಬ್ಬರ ಸುಳಿವು ಸಿಗಬಹುದು. ಸಿಗದಿದ್ದರೆ ಬೆಂಗಳೂರು, ಮೈಸೂರು, ಧಾರವಾಡದವರ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ಮನೋವೈದ್ಯರು ವಿಡಿಯೋದಲ್ಲಿ ನೋಡಿ ಔಷಧ ಬರೆಯಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಕೆಲವು ಮಿತಿಗಳೊಂದಿಗೆ ಅವಕಾಶ ಕೊಟ್ಟಿದೆ.

ವಿಡಿಯೋದ ತೊಂದರೆ ಜಾಗದ್ದು. ಹಾಸ್ಟೆಲಿನಲ್ಲಿ, ಬ್ಯಾರಕ್ಕಿನಲ್ಲಿ, ಒಂದೇ ರೂಮಿನ ಬಾಡಿಗೆ ಮನೆಯಲ್ಲಿ ಕೂತು ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಪುಣೆಯ ವೇತಾಳ ಟೇಕಡಿ ಗುಡ್ಡ ಹತ್ತಿ, ಬೆಳಗಿನ ವಾಕಿಂಗಿನವರೆಲ್ಲ ಇಳಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಮಾತಾಡುವವರನ್ನು ನಾನು ಬಲ್ಲೆ. ನಡೆಯುತ್ತಾ ಮಾತಾಡುವುದು ಆಟಗಾರರಿಗೆ ಕುರ್ಚಿಗಿಂತ ಒಗ್ಗುತ್ತದೆ ಕೂಡ. ಹಾಗೆ ಮಾಡಬಹುದೇ ಅಂತ ಸೈಕಾಲಜಿಸ್ಟನ್ನು ಕೇಳಿ.

ನನ್ನನ್ನು ಕೇಳಿದರೆ, ಮರಾಠಿ ಮಾತಾಡುವ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಮತ್ತು ಕನ್ನಡ ಮಾತಾಡುವ, ಆಟ ಗೊತ್ತಿಲ್ಲದ ಕ್ಲಿನಿಕಲ್ ಸೈಕಾಲಜಿಸ್ಟ್, ಇಬ್ಬರಲ್ಲಿ ಎರಡನೆಯವರೇ ವಾಸಿ. ಚಿಕ್ಕಂದಿನಿಂದ ಪುಣೆಯಲ್ಲೇ ಬೆಳೆದು ಮರಾಠಿಯಲ್ಲೇ ಕನಸು ಕಾಣುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಮನೋವೈದ್ಯರು

ಇವರು ಎಂಬಿಬಿಎಸ್ ಆಗಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವವರು. ಎರಡು ವಾರಕ್ಕೂ ಮೀರಿ ದಿನದ ಬಹುಭಾಗ ಮನಸ್ಸು ಕುಗ್ಗಿದ್ದರೆ, ನಿದ್ದೆ ಪೂರ್ತಿ ಕೆಟ್ಟಿದ್ದರೆ, ಹಾಸಿಗೆ ಬಿಟ್ಟು ಏಳಲು ಆಗದಿದ್ದರೆ, ಕುಡಿತ ಅಥವಾ ನೋವಿನ ಮಾತ್ರೆ ಕೈಮೀರಿದ್ದರೆ ಮೊದಲು ಇಲ್ಲಿಗೇ ಬನ್ನಿ. ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯಾರನ್ನಾದರೂ ಕಾಣಬೇಕು ಅಂತ ಲೆಕ್ಕ. ಅದು ರೋಗ ಇದೆ ಅನ್ನುವ ತೀರ್ಪಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ ಇದೆ. ಅದಕ್ಕೆ ಹೌದು ಅಂತ ಉತ್ತರ ಬಂದರೆ ಒಟ್ಟು ಎಷ್ಟು ಬಂತು ಅಂತ ಕೂಡಿಸುತ್ತಾ ಕೂರಬೇಡಿ, ಅದೇ ದಿನ ಯಾರಿಗಾದರೂ ಹೇಳಿ.

ಮಾತ್ರೆಯ ಬಗ್ಗೆ ಆಟಗಾರರಿಗೆ ವಿಶೇಷ ಭಯ ಇರುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಡೋಪಿಂಗ್ ನಿಷೇಧದ ಪಟ್ಟಿಯಲ್ಲಿಲ್ಲ. ನಿದ್ದೆ ಮಾತ್ರೆಯ ಥರ ಚಟ ಹಿಡಿಸುವುದಿಲ್ಲ, ಆದರೆ ಡಾಕ್ಟರನ್ನು ಕೇಳದೆ ಥಟ್ಟನೆ ಬಿಡಬಾರದು. ಗುಣ ಕಾಣಲು ಕೆಲವು ವಾರ ಬೇಕು. ಮೂರನೇ ದಿನಕ್ಕೇ ಏನೂ ಆಗಲಿಲ್ಲ ಅಂತ ಬಿಟ್ಟವರು ಬಹಳ. ಕಬಡ್ಡಿ, ಬಾಕ್ಸಿಂಗ್, ಫುಟ್‌ಬಾಲಿನಲ್ಲಿ ತಲೆಗೆ ಪೆಟ್ಟು ಬಿದ್ದವರು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಸಿಟ್ಟು, ಮರೆವು, ತಲೆನೋವಿನ ಮೂಲ ಅಲ್ಲೂ ಇರಬಹುದು.

ಫೋನ್: 14416

ಇದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಕೇಂದ್ರ ಸರ್ಕಾರ ನಡೆಸುವ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು, ಭಾಷೆ ಆರಿಸಿಕೊಳ್ಳುವ ಅವಕಾಶ ಇದೆ.

ಇದು ದೀರ್ಘ ಚಿಕಿತ್ಸೆಗೆ ಬದಲಿಯಲ್ಲ. ಆದರೆ ನಸುಕಿನ ನಾಲ್ಕಕ್ಕೆ ಎಚ್ಚರವಾಗಿ ಕೂತವರಿಗೆ ಆ ಹೊತ್ತಿಗೂ ಇದು ಸಿಗುತ್ತದೆ. ಯಾರ ಹತ್ತಿರ ಹೋಗಬೇಕು ಅಂತಲೇ ತೋಚದವರಿಗೂ ಇದು ಒಳ್ಳೆಯ ಮೊದಲ ಬಾಗಿಲು. ಜೀವ ಕಳೆದುಕೊಳ್ಳುವ ಯೋಚನೆ ಬಂದಿದ್ದರೆ ಇದಕ್ಕೆ ಫೋನ್ ಮಾಡಿ, ತುರ್ತು ಅನ್ನಿಸಿದರೆ 112 ಮಾಡಿ, ಒಬ್ಬರೇ ಇರಬೇಡಿ. ಮನೆಯವರೂ ಈ ನಂಬರಿಗೆ ಮಾಡಿ ತಮಗೇನು ಮಾಡಬೇಕು ಅಂತ ಕೇಳಬಹುದು.

ಗೋವಾದಿಂದ ಕಲಿಯಬೇಕಾದ್ದು

ದೊಡ್ಡ ಡಿಗ್ರಿ ಇಲ್ಲದ, ಚೆನ್ನಾಗಿ ತರಬೇತಿ ಪಡೆದ ಸಾಮಾನ್ಯ ಕೌನ್ಸೆಲರುಗಳಿಂದ ಏನಾದರೂ ಆಗುತ್ತದಾ? ಗೋವಾದ ಸಂಗಾಥ್ ಸಂಸ್ಥೆ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ತೀವ್ರವಾಗಿದ್ದವರಿಗೆ ಇಂಥ ಕೌನ್ಸೆಲರುಗಳು 6ರಿಂದ 8 ಭೇಟಿಯ ಚಿಕಿತ್ಸೆ ಕೊಟ್ಟರು. 2016ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳ ಹೊತ್ತಿಗೆ ಈ ಚಿಕಿತ್ಸೆ ಪಡೆದವರಲ್ಲಿ ಶೇ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಆರೋಗ್ಯ ಕೇಂದ್ರದ, ಸ್ವಲ್ಪ ಸುಧಾರಿಸಿದ ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಶೇ 39.

ಆ ಚಿಕಿತ್ಸೆಯ ತಿರುಳು ಆಟಗಾರರಿಗೆ ಹೇಳಿ ಮಾಡಿಸಿದಂತಿದೆ. ಮನಸ್ಸು ಸರಿಯಾಗಲಿ, ಆಮೇಲೆ ಏನಾದರೂ ಮಾಡೋಣ ಅಂತ ಕಾಯುವುದಿಲ್ಲ. ಮೊದಲು ಸಣ್ಣ ಸಣ್ಣ ಕೆಲಸ ದಿನಚರಿಗೆ ಹಾಕುತ್ತಾರೆ, ಮಾಡಿದ ಮೇಲೆ ಮನಸ್ಸು ಹೇಗಾಯಿತು ಅಂತ ಗುರುತು ಹಾಕುತ್ತಾರೆ. ಟ್ರೈನಿಂಗ್ ಡೈರಿ ಬರೆದು ರೂಢಿ ಇರುವವರಿಗೆ ಇದು ಹೊಸದೇನಲ್ಲ. ಹಾಗಾಗಿ ಬಿಹೇವಿಯರಲ್ ಆ್ಯಕ್ಟಿವೇಷನ್ ಅನ್ನುವ ಈ ವಿಧಾನ ಗೊತ್ತಿರುವ ತರಬೇತಾದ ಕೌನ್ಸೆಲರ್ ಸಿಕ್ಕರೆ, ಸೈಕಾಲಜಿಸ್ಟ್ ಫೀಸು ಕೊಡಲಾಗದವರು ಧೈರ್ಯವಾಗಿ ಹೋಗಬಹುದು. ವಾಸ್ಕೋ, ಮಾಪುಸಾ ಕಡೆ ಇರುವ ಕನ್ನಡಿಗರಿಗೆ ಪರ್ವರಿಯ ಸಂಗಾಥ್ ಹತ್ತಿರವೇ. ಬಾಂಬೋಲಿಯಲ್ಲಿ ಸರ್ಕಾರದ ಮನೋರೋಗ ಆಸ್ಪತ್ರೆಯೂ ಇದೆ.

ಹಳೆಯ ಆಟಗಾರರು, ವಸ್ತಾದರು

ಐದು ವರ್ಷ ಮೊದಲು ಆಟ ಬಿಟ್ಟು ಈಗ ನೆಮ್ಮದಿಯಾಗಿರುವ ಒಬ್ಬರು 'ನನಗೂ ಹಿಂಗೇ ಆಗಿತ್ತು' ಅಂದರೆ ಅದಕ್ಕಿರುವ ಬಲ ಯಾವ ಡಿಗ್ರಿಗೂ ಇಲ್ಲ. ಖಂಡಿತ ಮಾತಾಡಿ. ಆದರೆ ಇದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ. ಕೆಲವು ವಸ್ತಾದರು (ಕುಸ್ತಿಯ ಗುರುಗಳು), ಕೋಚುಗಳು ಪ್ರೀತಿಯಿಂದಲೇ 'ಗಟ್ಟಿಯಾಗು, ಪೈಲ್ವಾನ ಅಳಬಾರದು' ಅನ್ನುತ್ತಾರೆ. ಆ ಮಾತು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡವರು ಇನ್ನೊಮ್ಮೆ ಬಾಯಿ ತೆರೆಯಲು ವರ್ಷ ಹಿಡಿಯುತ್ತದೆ. ಹಳೆಯ ಗೆಳೆಯರ ಕೂಟ ಬಾಟಲಿಯ ಸುತ್ತಲೇ ಸೇರುವುದಾದರೆ ಅದರಿಂದ ದೂರವೇ ಇರಿ.

ಹೆಣ್ಣುಮಕ್ಕಳಿಗೆ ಈ ಜೊತೆಯೂ ಕಡಿಮೆ. ಮದುವೆಯಾಯಿತು, ಆಟ ನಿಂತಿತು, ಅದನ್ನು ಯಾರೂ ರಿಟೈರ್‌ಮೆಂಟ್ ಅಂತ ಕರೆಯುವುದೂ ಇಲ್ಲ. ಶುಭ ಸಮಾರಂಭದ ನಡುವೆ ಅವಳೇನು ಕಳೆದುಕೊಂಡಳು ಅಂತ ಕೇಳುವವರಿಲ್ಲ. ಹತ್ತೊಂಬತ್ತಕ್ಕೇ ಸೆಲೆಕ್ಷನ್ ತಪ್ಪಿ ಊರಿಗೆ ಮರಳಿದ ಹುಡುಗಿಯ ಸ್ಥಿತಿಯೂ ಅದೇ. ಪದಕ ಇಲ್ಲದಿದ್ದರೂ, ವಯಸ್ಸು ಚಿಕ್ಕದಾದರೂ, ನೋವು ಆಟ ಬಿಟ್ಟದ್ದರದ್ದೇ. ಸಹಾಯ ಕೇಳಲು ನ್ಯಾಷನಲ್ ಸರ್ಟಿಫಿಕೇಟ್ ಬೇಕಿಲ್ಲ.

ಕೆಲಸದ ಚಿಂತೆಯೇ ದೊಡ್ಡದಾದರೆ

ಕೆಲವರಿಗೆ ನಿದ್ದೆ ಕೆಡಿಸುವುದು ಬಾಡಿಗೆ ಮತ್ತು ಇಎಂಐ. ಅವರನ್ನು ಕೌನ್ಸೆಲಿಂಗಿಗೆ ಮಾತ್ರ ಕಳಿಸಿ ಕೂರುವುದು ನ್ಯಾಯವಲ್ಲ. ಕೇಂದ್ರ ಕ್ರೀಡಾ ಸಚಿವಾಲಯ 2024ರ ಆಗಸ್ಟ್ 29ರಂದು 'ರೀಸೆಟ್' ಅನ್ನುವ ಕಾರ್ಯಕ್ರಮ ಶುರು ಮಾಡಿತು. 20ರಿಂದ 50 ವರ್ಷದ ನಿವೃತ್ತ ಆಟಗಾರರಿಗೆ ಓದಿನ ಮಟ್ಟ ನೋಡಿ ಎರಡು ಬಗೆಯ ತರಬೇತಿ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆ ನಡೆಸುತ್ತದೆ. ಯಾವ ಮಟ್ಟದಲ್ಲಿ ಆಡಿರಬೇಕು ಅನ್ನುವ ನಿಯಮ ಇದೆ, ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಿ. ಕೆಲಸದ ದಾರಿ ಕಂಡರೂ ಮನಸ್ಸು ಏಳದಿದ್ದರೆ ಆಗ ಮೇಲಿನ ದಾರಿಗಳು ಇದ್ದೇ ಇವೆ. ಎರಡನ್ನೂ ಒಟ್ಟಿಗೆ ಮಾಡಬಹುದು, ಒಂದು ಮುಗಿಯಲಿ ಅಂತ ಕಾಯಬೇಕಿಲ್ಲ.

ಹೋಗುವ ಮುಂಚೆ ಇನ್ನೆರಡು ಮಾತು

ಮನಸ್ಸು ತೀರಾ ಕೆಟ್ಟಿರುವ ವಾರಗಳಲ್ಲಿ ನಿವೃತ್ತಿಯ ಪತ್ರ ಬರೆದು ಕಳಿಸಬೇಡಿ. ಡೋಪಿಂಗ್ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿರುವ ಆಟಗಾರರು ಒಮ್ಮೆ ನಿವೃತ್ತಿ ಪಡೆದರೆ, ಮರಳಿ ಸ್ಪರ್ಧೆಗೆ ಇಳಿಯಲು ಆರು ತಿಂಗಳ ಮುಂಚೆ ತಿಳಿಸಿ ಪರೀಕ್ಷೆಗೆ ಸಿಗುವಂತೆ ಇರಬೇಕಾಗುತ್ತದೆ. ಮೊದಲು ಒಬ್ಬರನ್ನು ಕಂಡು ಮಾತಾಡಿ, ಪತ್ರ ಆಮೇಲೆ. ಹಾಗೇ ದೇಹದ ಕಸರತ್ತನ್ನೂ ಒಂದೇ ದಿನ ನಿಲ್ಲಿಸದೆ ವಾರ ವಾರಕ್ಕೆ ಇಳಿಸುತ್ತಾ ಬನ್ನಿ, ಊಟವನ್ನೂ ಅದರ ಜೊತೆ ಇಳಿಸಿ.

ಆಟ ಬಿಟ್ಟವರಲ್ಲಿ ಎಷ್ಟೋ ಜನ ಪುಣೆ ಬಿಟ್ಟು ಊರಿಗೆ ಮರಳುತ್ತಾರೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಹೊರಡುವ ಮುಂಚೆ ನಿಮ್ಮ ಸೈಕಾಲಜಿಸ್ಟ್ ಅಥವಾ ಡಾಕ್ಟರಿಂದ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ: ಏನು ಸಮಸ್ಯೆ, ಎಷ್ಟು ಭೇಟಿ ಆಯಿತು, ಯಾವ ಮಾತ್ರೆ ಎಷ್ಟು ಡೋಸ್. ಮರಾಠಿಯಲ್ಲಿ ಬೇಡ, ಇಂಗ್ಲಿಷಿನಲ್ಲಿ ಬರೆಸಿ, ಆ ಕಡೆಯ ಡಾಕ್ಟರಿಗೆ ಓದಲು ಬರಬೇಕಲ್ವಾ? ಒಂದು ತಿಂಗಳ ಮಾತ್ರೆ ಜೊತೆಗಿರಲಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್ ಮಂಗಳವಾರಗಳಂದು ನಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಬಸ್ಸು ಹತ್ತುವ ಮುಂಚೆಯೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.